ಬಹಳ ವರ್ಷದ ನಂತರ ಮತ್ತೆ ಓಟ: ಉಸಿರು ಸರಿಹೋಯಿತು, ಕಾಲಿನ ಮೂಳೆ ನೋಯುತ್ತಿದೆ

ನಿಧಾನಗಾಲು:
ಹಿಂದೆ 10 ಕಿಲೋಮೀಟರ್ ಆರಾಮಾಗಿ ಓಡುತ್ತಿದ್ದೆ. ಆಮೇಲೆ ಕೆಲವು ವರ್ಷ ಪೂರ್ತಿ ನಿಂತುಹೋಯಿತು. ಈಗ ಮತ್ತೆ ಶುರು ಮಾಡಿ ಒಂದೆರಡು ತಿಂಗಳಾಗಿದೆ. ಮೊದಮೊದಲು ಏದುಸಿರು ಬರುತ್ತಿತ್ತು, ಈಗ 5 ಕಿಲೋಮೀಟರ್ ನಿಲ್ಲದೆ ಓಡುತ್ತೇನೆ. ವಾರಕ್ಕೆ ಐದು ದಿನ.

ತೊಂದರೆ ಎರಡು. ಮೊಣಕಾಲಿನ ಕೆಳಗೆ, ಕಾಲಿನ ಒಳಬದಿಯ ಮೂಳೆಯ ಅಂಚಿನಲ್ಲಿ ನೋವು. ಎರಡನೆಯದು, ಮಾತಾಡಿಕೊಂಡು ಓಡುವಷ್ಟು ನಿಧಾನ ಹೋದರೂ ವಾಚ್ ಹೃದಯಬಡಿತ 170ರ ಹತ್ತಿರ ತೋರಿಸುತ್ತದೆ. ಭಯಪಡಬೇಕಾ?

ಟ್ರ್ಯಾಕ್ ಬದಿ:
ಉತ್ತರಕ್ಕೆ ಮೊದಲು ಕೆಲವು ಪ್ರಶ್ನೆ. ಮೂಳೆಯ ಅಂಚನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ನೋವು ಉದ್ದಕ್ಕೂ ಇದೆಯಾ, ಒಂದೇ ಚುಕ್ಕೆಯಲ್ಲಾ? ಓಡುತ್ತಾ ಕಡಿಮೆಯಾಗುತ್ತದಾ, ಜಾಸ್ತಿಯಾಗುತ್ತದಾ? ರಾತ್ರಿ ಮಲಗಿದಾಗ? ಶೂ ಯಾವ ಕಾಲದ್ದು? ವಾಚ್‌ನಲ್ಲಿ ಹೃದಯಬಡಿತದ ಪಕ್ಕದಲ್ಲೇ ಕೇಡೆನ್ಸ್, ಅಂದರೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅನ್ನೋದು ಇರುತ್ತದೆ. ಅದೂ ಬೇಕು.

ನಿಧಾನಗಾಲು:
ಎರಡೂ ಕಾಲಲ್ಲಿ, ಸುಮಾರು ಅರ್ಧ ಗೇಣು ಉದ್ದಕ್ಕೆ ನೋವಿದೆ. ಶುರುವಿನಲ್ಲಿ ಇರುತ್ತದೆ, ಮೈ ಬಿಸಿಯಾದ ಮೇಲೆ ಕಡಿಮೆ, ಮರುದಿನ ಬೆಳಗ್ಗೆ ಮತ್ತೆ. ರಾತ್ರಿ ಏನೂ ಇಲ್ಲ. ಶೂ ಹಳೆಯದೇ, ಡಬ್ಬದಲ್ಲಿತ್ತು, ಅಡಿಭಾಗ ಸವೆದಿಲ್ಲ. ಹೃದಯಬಡಿತ 169, ಕೇಡೆನ್ಸ್ 168.

ಗಾಳಿಗೆ ಎದುರು:
ಇದೆಲ್ಲ ಎಲ್ಲರಿಗೂ ಬರುತ್ತೆ. ನಿಲ್ಲಿಸಬೇಡಿ, ಓಡುತ್ತಾ ಓಡುತ್ತಾ ಕಾಲು ಗಟ್ಟಿಯಾಗುತ್ತೆ.

ಟ್ರ್ಯಾಕ್ ಬದಿ:
ಮಾಂಸಖಂಡದ ನೋವಾಗಿದ್ದರೆ ಒಪ್ಪುತ್ತಿದ್ದೆ. ಅದು ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಇದು ಮೂಳೆಯ ಅಂಚು.

ಮೊದಲು ವಾಚ್ ವಿಷಯ ಮುಗಿಸೋಣ. 169 ಮತ್ತು 168. ನಿಮ್ಮ ವಾಚ್ ಹೃದಯವನ್ನಲ್ಲ, ಹೆಜ್ಜೆಯನ್ನು ಎಣಿಸುತ್ತಿರುವ ಹಾಗಿದೆ! ಅದು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಓದುತ್ತದೆ. ಪಟ್ಟಿ ಸಡಿಲವಿದ್ದರೆ ಕೈ ಕುಲುಕುವ ಲಯವನ್ನೇ ನಾಡಿ ಅಂದುಕೊಳ್ಳುತ್ತದೆ. ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಸ್ವಲ್ಪ ಬಿಗಿಯಾಗಿ ಕಟ್ಟಿ. ಅನುಮಾನ ಬಂದರೆ ನಿಂತ ತಕ್ಷಣ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ, 4ರಿಂದ ಗುಣಿಸಿ. ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಓದುವುದರಿಂದ ಅದರಲ್ಲಿ ಈ ಗೋಜಲಿಲ್ಲ. ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ನಿಮ್ಮ ವೇಗ ಸರಿಯಾಗಿದೆ. ಆದರೆ ಎದೆ ನೋವು, ತಲೆಸುತ್ತು, ಬಡಿತ ತಪ್ಪಿದ ಹಾಗೆ ಅನಿಸಿದರೆ ವಾಚ್ ಏನೇ ಹೇಳಲಿ, ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಈಗ ಕಾಲು. ನೀವು ಹೇಳಿದ ಲಕ್ಷಣ ಶಿನ್ ಸ್ಪ್ಲಿಂಟ್ಸ್‌ಗೆ, ಅಂದರೆ ಓಟದ ಭಾರಕ್ಕೆ ಮೊಣಕಾಲಿನ ಕೆಳಗಿನ ಮೂಳೆಯ ಅಂಚು ನೋಯುವ ತೊಂದರೆಗೆ ಹೊಂದುತ್ತದೆ. ನಿಮ್ಮ ಉಸಿರು ಮುಂದೆ ಹೋಗಿದೆ, ಮೂಳೆ ಹಿಂದೆ ಉಳಿದಿದೆ. ತರಬೇತಿ ಶುರುವಾದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳುತ್ತದೆ. ಹಾಗಾಗಿ ಉಸಿರು ಬೇಗ ಸುಧಾರಿಸುತ್ತದೆ. ಮೂಳೆಯ ಲೆಕ್ಕವೇ ಬೇರೆ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯ ಭಾಗವನ್ನು ಕರಗಿಸುತ್ತದೆ, ಸುಮಾರು 3 ವಾರ. ಆ ಜಾಗದಲ್ಲಿ ಹೊಸದು ತುಂಬಲು 3 ತಿಂಗಳಾದರೂ ಬೇಕು. ಈ ನಡುವಿನ ಕಾಲದಲ್ಲಿ ಮೂಳೆ ಮೊದಲಿಗಿಂತ ತುಸು ದುರ್ಬಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ. ವಾರಕ್ಕೆ ಐದು ದಿನ ಅಂದರೆ ಅಗೆದ ರಸ್ತೆಯ ಮೇಲೆ ದಿನಾ ಲಾರಿ ಬಿಟ್ಟ ಹಾಗೆ. ಹಳೆಯ ಓಟಗಾರರಿಗೆ ಇದು ಜಾಸ್ತಿ ಕಾಡುತ್ತದೆ ಅಂತ ನನಗನ್ನಿಸುತ್ತದೆ. ಹೊಸಬರಿಗಾದರೆ ಉಸಿರೇ ಕಡಿವಾಣ, ಅಲ್ವಾ? ಹಳಬರಿಗೆ ಹಳೆಯ ವೇಗ ನೆನಪಿರುತ್ತದೆ.

ಮೊದಲ ವಾರ ಓಟ ಬಿಟ್ಟು ಬರೀ ನಡಿಗೆ ಅಥವಾ ಸೈಕಲ್. ನಡೆಯುವಾಗ ನೋವಿಲ್ಲ ಅಂತಾದ ಮೇಲೆ ದಿನ ಬಿಟ್ಟು ದಿನ ಓಡಿ: 2 ನಿಮಿಷ ಓಟ, 1 ನಿಮಿಷ ನಡಿಗೆ, ಒಟ್ಟು 20ರಿಂದ 25 ನಿಮಿಷ, ಸಮತಟ್ಟಾದ ಜಾಗದಲ್ಲಿ. ನೋವು 10ಕ್ಕೆ 2ರ ಒಳಗಿದ್ದು ಮರುದಿನ ಬೆಳಗ್ಗೆ ಉಳಿಯದಿದ್ದರೆ ಮುಂದುವರಿಸಿ. ಮೊದಲು ಸಮಯ ಹೆಚ್ಚಿಸಿ, ವೇಗ ಆಮೇಲೆ, ಎರಡೂ ಒಟ್ಟಿಗೆ ಬೇಡ. ಜೊತೆಗೆ ಮೀನಖಂಡದ ವ್ಯಾಯಾಮ: ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು, ಮಂಡಿ ನೇರ ಇಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ಬಗ್ಗಿಸಿ ಮಾಡುವುದನ್ನು ಬಿಡಬೇಡಿ, ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ ಹೆಚ್ಚು ಕೆಲಸ ಸಿಗುವುದು ಅದರಲ್ಲೇ.

ಶೂ ಸವೆಯದಿದ್ದರೂ ವರ್ಷಗಟ್ಟಲೆ ಕೂತರೆ ಫೋಮ್ ಗಟ್ಟಿಯಾಗಬಹುದು, ಅಂಟು ಬಿಡಬಹುದು. ಹೆಬ್ಬೆರಳಿನಿಂದ ಒತ್ತಿ ನೋಡಿ. ಮರದ ಹಾಗಿದ್ದರೆ ಬದಲಿಸಿ. ಆದರೆ ಹೊಸ ಶೂ ಹಾಕಿ ಐದು ದಿನ ಓಡಿದರೆ ನೋವು ಹೋಗಲ್ಲ.

ಲೆಕ್ಕದವನು:
ವಾರಕ್ಕೆ 10% ಮಾತ್ರ ಹೆಚ್ಚಿಸಬೇಕು ಅನ್ನುವ ನಿಯಮ ಹೇಳಲಿಲ್ಲವಲ್ಲ?

ಟ್ರ್ಯಾಕ್ ಬದಿ:
ಬೇಕಂತಲೇ ಬಿಟ್ಟೆ. 2008ರಲ್ಲಿ ಪ್ರಕಟವಾದ ಒಂದು ಡಚ್ ಅಧ್ಯಯನದಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿದ್ದರು. 10% ಲೆಕ್ಕದಲ್ಲಿ ನಿಧಾನ ಹೋದವರಿಗೂ ಸಾಮಾನ್ಯ ಯೋಜನೆಯವರಿಗೂ ಗಾಯದ ಪ್ರಮಾಣ ಹೆಚ್ಚುಕಡಿಮೆ ಒಂದೇ, ಎರಡೂ ಕಡೆ ಸುಮಾರು 20%. ನಿಯಮ ಕೆಟ್ಟದ್ದಲ್ಲ, ಆದರೆ ಅದೊಂದೇ ಕಾಪಾಡಲ್ಲ. ಮರುದಿನ ಬೆಳಗಿನ ಕಾಲೇ ನಂಬಿಕಸ್ಥ.

ನಿಧಾನಗಾಲು:
ವಾಚ್ ಮೇಲೆ ಸರಿಸಿ ಬಿಗಿ ಮಾಡಿದೆ. ಅದೇ ವೇಗಕ್ಕೆ ಈಗ 140ರ ಆಸುಪಾಸು! ಕಾಲಿಗೆ ನಡಿಗೆ ಶುರು ಮಾಡಿದ್ದೇನೆ. ಶೂ ಒತ್ತಿದರೆ ನಿಜಕ್ಕೂ ಕಲ್ಲು. 180 ಕೇಡೆನ್ಸ್ ಇರಬೇಕು ಅಂತಾರಲ್ಲ, ಅದನ್ನೂ ಸರಿಮಾಡಬೇಕಾ?

ಟ್ರ್ಯಾಕ್ ಬದಿ:
ಬೇಡ. ಅದು ಎತ್ತರ, ವೇಗದ ಜೊತೆ ಬದಲಾಗುತ್ತದೆ. 168 ಚೆನ್ನಾಗೇ ಇದೆ.

ಮಂಜು ಮುಂಜಾವು:
ನಡುವೆ ಬಂದೆ, ಕ್ಷಮಿಸಿ. ನನಗೂ ಇದೇ ಜಾಗ, ಆದರೆ ಎಡಗಾಲು ಮಾತ್ರ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ. ರಾತ್ರಿಯೂ ನೋಯುತ್ತದೆ. ನಾನೂ 2 ನಿಮಿಷ ಓಟ, 1 ನಿಮಿಷ ನಡಿಗೆ ಮಾಡಬಹುದಾ?

ಟ್ರ್ಯಾಕ್ ಬದಿ:
ಖಂಡಿತ ಬೇಡ. ಮೇಲಿನ ಸಲಹೆ ನಿಮಗಲ್ಲ. ಒಂದೇ ಚುಕ್ಕೆ, ರಾತ್ರಿಯೂ ನೋವು ಅಂದರೆ ಮೂಳೆಯಲ್ಲಿ ಸಣ್ಣ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಓಟ ಇವತ್ತೇ ನಿಲ್ಲಿಸಿ. ಕುಪ್ಪಳಿಸಿ ಪರೀಕ್ಷೆ ಮಾಡಲೂ ಹೋಗಬೇಡಿ. ವೈದ್ಯರಿಗೆ ಓಟ ಶುರು ಮಾಡಿದ್ದನ್ನು ಮರೆಯದೆ ಹೇಳಿ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಇಂಥ ಬಿರುಕು ಕಾಣದೇ ಇರುವುದು ಮಾಮೂಲಿ. ಎಕ್ಸ್-ರೇ ಚೆನ್ನಾಗಿದೆ ಅಂತ ಬಂದರೂ ನೋವು ಹಾಗೇ ಇದ್ದರೆ ಎಂಆರ್‌ಐ ಬೇಕಾ ಅಂತ ಕೇಳಿ.