ಅಂಡಮಾನ್ ಮತ್ತು ಮಾರಿಷಸ್: ಗಡಿಯಾರ ಒಂದು, ಸೂರ್ಯ ಇನ್ನೊಂದು

ಪ್ರಶ್ನೆ, ಕಲಬುರಗಿಯಿಂದ:
ನನ್ನ ತಮ್ಮ ಪೋರ್ಟ್ ಬ್ಲೇರ್‌ನಲ್ಲಿದ್ದಾನೆ. ಮಗಳು ಈಚೆಗೆ ಮಾರಿಷಸ್‌ಗೆ ಹೋಗಿದ್ದಾಳೆ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆ ತಮ್ಮನಿಗೆ ವಿಡಿಯೊ ಕರೆ ಮಾಡಿದರೆ ಅವನ ಕಿಟಕಿಯಾಚೆ ಕತ್ತಲು ಕವಿದಿರುತ್ತದೆ, ನಮ್ಮ ಅಂಗಳದಲ್ಲಿ ಒಣಹಾಕಿದ ಜೋಳದ ಮೇಲೆ ಇನ್ನೂ ಬಿಸಿಲಿರುತ್ತದೆ. ಇಬ್ಬರ ಗಡಿಯಾರವೂ ಒಂದೇ ಆಗಿರುವಾಗ ಹೀಗೇಕೆ? ಮಗಳಿಗೆ ಯಾವ ಹೊತ್ತಿನಲ್ಲಿ ಕರೆ ಮಾಡಬೇಕು?

ಉತ್ತರ, ಬೀದರ್‌ನಿಂದ:
ಅಣ್ಣಾರೆ, ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಲೆಕ್ಕ ಹಾಕುತ್ತಾರೆ. ಕಲಬುರಗಿ ಸುಮಾರು 77 ಡಿಗ್ರಿಯಲ್ಲಿದ್ದರೆ, 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರ್ 93ರ ಹತ್ತಿರದಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿನ ಸೂರ್ಯ ನಮಗಿಂತ ಒಂದು ತಾಸಿಗೂ ಹೆಚ್ಚು ಮುಂದಿದ್ದಾನೆ. ನಾನು ಅಲ್ಲಿದ್ದಾಗ ಮೇ ತಿಂಗಳಲ್ಲಿ ಬೆಳಗಿನ ಐದೂಕಾಲಿಗೇ ಬಿಸಿಲು ಹಾಸಿಗೆಯ ಮೇಲೆ ಬೀಳುತ್ತಿತ್ತು. ತಮ್ಮನಿಗೆ ರಾತ್ರಿ ತಡವಾಗಿ ಕರೆ ಮಾಡಬೇಡಿ.

ಉತ್ತರ, ಯಾದಗಿರಿಯಿಂದ:
ಮಾರಿಷಸ್ ನಮಗಿಂತ ಒಂದೂವರೆ ತಾಸು ಹಿಂದಿದೆ. ನೀವು ಊಟ ಮುಗಿಸಿ ಒಂಬತ್ತಕ್ಕೆ ಕರೆ ಮಾಡಿದರೆ ಅಲ್ಲಿ ಏಳೂವರೆ. ಅದೇ ಸರಿಯಾದ ಹೊತ್ತು. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಡಿಸೆಂಬರಿನಲ್ಲಿ ಬೇಸಿಗೆ, ಹಗಲೂ ದೀರ್ಘ. 2008ರ ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಟ್ಟು ನೋಡಿ, ಮರುವರ್ಷ ಕೈಬಿಟ್ಟರು. ಮಗಳಿಗೆ ಒಂಟಿತನ ಕಾಡೀತೆಂಬ ಚಿಂತೆ ಬೇಡ: 1834ರಿಂದ ಕಬ್ಬಿನ ತೋಟಗಳಿಗೆ ಕೂಲಿಗೆಂದು ಹೋದ ಭಾರತೀಯರ ಸಂತತಿಯೇ ಅಲ್ಲಿ ಹೆಚ್ಚಾಗಿದ್ದು, ಶಿವರಾತ್ರಿಗೆ ಸರ್ಕಾರಿ ರಜೆಯಿದೆ, ಜನರು ಕಾಲ್ನಡಿಗೆಯಲ್ಲಿ ಗಂಗಾ ತಲಾವ್ ಕೆರೆಗೆ ಹೋಗುತ್ತಾರೆ. ಮಾರುಕಟ್ಟೆಯ ಮಾತು ಮಾತ್ರ ಕ್ರಿಯೋಲ್; ಅದನ್ನು ಕಲಿಯಲು ಹೇಳಿ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಶರಣು. ಇನ್ನು ತಮ್ಮನಿಗೆ ಏಳಕ್ಕೆ, ಮಗಳಿಗೆ ಒಂಬತ್ತಕ್ಕೆ ಕರೆ ಮಾಡುತ್ತೇನೆ.