ವೈಫೈ ಹೆಸರು ಕೇಳಿದ್ರೆ ಮ್ಯಾಕ್ ಯಾಕೆ ಸುಳ್ಳು ಹೇಳುತ್ತೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮ್ಯಾಕ್‌ಬುಕ್‌ನಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನ ಸಾಲಾಗಿ ಓಡಿಸೋ ಫೈಲ್) ಇದೆ. ಆಫೀಸಿನ ವೈಫೈ ಸಿಕ್ಕ ಕೂಡಲೇ ಪ್ರಾಕ್ಸಿ (ಇಂಟರ್ನೆಟ್‌ಗೆ ಹೋಗೋ ಮಧ್ಯವರ್ತಿ ಸರ್ವರ್) ಹಾಕುತ್ತೆ, ಮನೆಗೆ ಬಂದರೆ ತೆಗೆಯುತ್ತೆ. ವರ್ಷಗಟ್ಟಲೆ ಚೆನ್ನಾಗಿ ನಡೀತಿತ್ತು. ಮ್ಯಾಕ್‌ಒಎಸ್ ಸಿಕೋಯಾಗೆ ಅಪ್‌ಡೇಟ್ ಮಾಡಿದ ದಿನದಿಂದ, ವೈಫೈ ಹೆಸರು ಹೇಳಬೇಕಾದ 'ನೆಟ್‌ವರ್ಕ್‌ಸೆಟಪ್' ಕಮಾಂಡ್ "ನೀವು ಯಾವ ಏರ್‌ಪೋರ್ಟ್ ನೆಟ್‌ವರ್ಕ್‌ಗೂ ಸೇರಿಲ್ಲ" ಅನ್ನುತ್ತೆ (ಏರ್‌ಪೋರ್ಟ್ ಅಂದರೆ ವೈಫೈಗೆ ಆ್ಯಪಲ್ ಇಟ್ಟ ಹಳೇ ಹೆಸರು). ಅದೇ ಹೊತ್ತಿಗೆ ಪಕ್ಕದಲ್ಲಿ ಯೂಟ್ಯೂಬ್ ಓಡ್ತಾ ಇರುತ್ತೆ! ವೈಫೈ ವಿವರ ತೋರಿಸೋ 'ಡಬ್ಲ್ಯುಡಿಯುಟಿಲ್' ಕಮಾಂಡನ್ನು ಸುಡೊ (ಅಡ್ಮಿನ್ ಅಧಿಕಾರ) ಹಾಕಿ ಓಡಿಸಿದರೂ ಹೆಸರಿನ ಜಾಗದಲ್ಲಿ 'ರಿಡ್ಯಾಕ್ಟೆಡ್', ಅಂದರೆ ಮರೆಮಾಚಿದೆ ಅಂತ. ಮಷಿನ್ ನಂದು, ರೌಟರ್ ನಂದು, ಅಡ್ಮಿನ್ ನಾನು. ನನ್ನಿಂದಲೇ ಮುಚ್ಚಿಡೋದು ಯಾವ ನ್ಯಾಯ?

ಉತ್ತರ: ನಿಮ್ಮ ಸಿಟ್ಟು ನಂಗೂ ಬಂದಿತ್ತು. ಹದಿನೈದು ವರ್ಷದಿಂದ ಮೊಬೈಲ್ ಮತ್ತು ಮ್ಯಾಕ್ ಆ್ಯಪ್ ಬರೀತಿದೀನಿ, ಈ ಅಪ್‌ಡೇಟ್ ನನ್ನ ಎರಡು ಸ್ಕ್ರಿಪ್ಟ್‌ಗಳನ್ನೂ ಮಲಗಿಸಿತು. "ಸೇರಿಲ್ಲ" ಅನ್ನೋ ಉತ್ತರ ಶುದ್ಧ ಸುಳ್ಳು. "ಹೇಳಲ್ಲ" ಅಂದಿದ್ದರೆ ನಾವು ಅರ್ಧ ದಿನ ಕೇಬಲ್ ಹುಡುಕ್ತಾ ಕೂರ್ತಿರಲಿಲ್ಲ.

ಆದರೆ ಮುಚ್ಚಿಡೋದಕ್ಕೆ ಕಾರಣ ಇದೆ. ವೈಫೈ ಹೆಸರಿನ ಹಿಂದೆ ರೌಟರ್‌ನ ಬಿಎಸ್‌ಎಸ್‌ಐಡಿ ಇರುತ್ತೆ, 48 ಬಿಟ್‌ನ ಒಂದು ಸಂಖ್ಯೆ. ರೌಟರ್ ಸಾಮಾನ್ಯವಾಗಿ ಗೋಡೆ ಬಿಟ್ಟು ಕದಲೋದಿಲ್ಲ. ಆ ಸಂಖ್ಯೆ ಭೂಪಟದಲ್ಲಿ ಎಲ್ಲಿ ಬೀಳುತ್ತೆ ಅಂತ ಗೂಗಲ್, ಆ್ಯಪಲ್ ಹತ್ತಿರ ದೊಡ್ಡ ಪಟ್ಟಿಗಳೇ ಇವೆ. ಹವ್ಯಾಸಿಗಳ 'ವಿಗಲ್' ವೆಬ್‌ಸೈಟ್ 2001ರಿಂದ ಇದನ್ನೇ ಕಲೆಹಾಕ್ತಿದೆ. ಅಂದರೆ ಜಿಪಿಎಸ್ ಮುಟ್ಟದೆಯೇ, ಬರೀ ರೌಟರ್ ಸಂಖ್ಯೆ ನೋಡಿ, ನೀವು ಯಾವ ಬೀದಿಯಲ್ಲಿ ಮಲಗ್ತೀರಿ ಅಂತ ಗೊತ್ತಾಗುತ್ತೆ.

ಇದು ಬರೀ ಭಯ ಅಲ್ಲ. ನಮ್ಮ ಬೆಂಗಳೂರಿನ ನಂಟಿರೋ ಜಾಹೀರಾತು ಕಂಪನಿ ಇನ್‌ಮೊಬಿ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ ಇದೇ: ಬಳಕೆದಾರ ಲೊಕೇಶನ್ ಕೊಡಲ್ಲ ಅಂದಮೇಲೂ ಸುತ್ತಲಿನ ವೈಫೈ ವಿವರದಿಂದ ಜಾಗ ಪತ್ತೆಹಚ್ಚಿ ಜಾಹೀರಾತು ತೋರಿಸಿದರು ಅಂತ. 2016ರಲ್ಲಿ 9.5 ಲಕ್ಷ ಡಾಲರ್ ದಂಡಕ್ಕೆ ರಾಜಿಯಾಯ್ತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಿತ್ತು. ಆ ಹಿತ್ತಿಲ ಬಾಗಿಲನ್ನೇ ಈಗ ಒಬ್ಬೊಬ್ಬರಾಗಿ ಮುಚ್ತಿದಾರೆ.

ಮ್ಯಾಕ್‌ನಲ್ಲಿ ಇದು ಒಂದೇ ದಿನ ಆದದ್ದಲ್ಲ. ಸಿಕೋಯಾಗೆ ಮುಂಚಿನ, 2023ರ ಸೊನೋಮಾದಲ್ಲಿ (ಮ್ಯಾಕ್‌ಒಎಸ್ 14) ಆ್ಯಪ್‌ಗಳಿಗೆ ವೈಫೈ ವಿವರ ಕೊಡೋ ಕೋರ್‌ಡಬ್ಲ್ಯುಲ್ಯಾನ್ ಮೂಲಕ ಹೆಸರು ಕೇಳಿದರೆ ಲೊಕೇಶನ್ ಪರ್ಮಿಷನ್ ಬೇಕಾಯ್ತು. ಅದರ 14.4 ಅಪ್‌ಡೇಟ್‌ನಲ್ಲಿ ಹಳೇ 'ಏರ್‌ಪೋರ್ಟ್' ಕಮಾಂಡ್‌ಗೆ ನಿವೃತ್ತಿ ಕೊಟ್ಟರು. ಸಿಕೋಯಾದಲ್ಲಿ 'ನೆಟ್‌ವರ್ಕ್‌ಸೆಟಪ್' ಬಾಯಿ ಮುಚ್ಚಿತು. ಸುಡೊ ಕೆಲಸ ಮಾಡದಿರೋದೂ ಅದಕ್ಕೇ. ಇಲ್ಲಿ ಕೇಳ್ತಿರೋದು ನೀವು ಯಜಮಾನರಾ ಅಂತಲ್ಲ, ಕೇಳೋ ಪ್ರೋಗ್ರಾಮಿಗೆ ಲೊಕೇಶನ್ ಒಪ್ಪಿಗೆ ಇದೆಯಾ ಅಂತ. ಬರೀ ಶೆಲ್ ಸ್ಕ್ರಿಪ್ಟ್‌ಗೆ ಆ ಒಪ್ಪಿಗೆ ಪಡೆಯೋ ಗುರುತಿನ ಚೀಟಿಯೇ ಇಲ್ಲ.

ಹೆಸರು ಬೇಕೇ ಬೇಕು ಅಂದರೆ ಆ್ಯಪಲ್‌ನ ಸ್ವಿಫ್ಟ್ ಭಾಷೆಯಲ್ಲಿ ಒಂದು ಚಿಕ್ಕ ಆ್ಯಪ್ ಬರೆದು, ಡಿಜಿಟಲ್ ಆಗಿ ಸೈನ್ ಮಾಡಿ, ಲೊಕೇಶನ್ ಒಪ್ಪಿಗೆ ಕೊಟ್ಟು, ಅದನ್ನ ಸ್ಕ್ರಿಪ್ಟ್‌ನಿಂದ ಕರೀರಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಶಾರ್ಟ್‌ಕಟ್ಸ್ ಆ್ಯಪ್‌ನಲ್ಲಿ ನೆಟ್‌ವರ್ಕ್ ವಿವರ ಕೊಡೋ ಆ್ಯಕ್ಷನ್ ಇದೆ, ಟರ್ಮಿನಲ್‌ನಿಂದಲೂ ಓಡಿಸಬಹುದು. ಇಂಟರ್ನೆಟ್‌ನಲ್ಲಿ ಸಿಗೋ ಬೇರೆ ಕಳ್ಳದಾರಿಗಳನ್ನ ನಂಬಬೇಡಿ, ಮುಂದಿನ ಅಪ್‌ಡೇಟ್‌ಗೆ ಅವೂ ಮುಚ್ಚಬಹುದು.

ಆದರೆ ನಿಮಗೆ ಹೆಸರು ನಿಜವಾಗಿ ಬೇಕಾ? ಪ್ರಾಕ್ಸಿ ಸರ್ವರ್ ಆಫೀಸಿನೊಳಗೆ ಮಾತ್ರ ಸಿಗುತ್ತೆ ಅಲ್ವಾ? ಅದರ ಪೋರ್ಟ್ (ಸರ್ವರ್ ಸಂಪರ್ಕ ತಗೊಳ್ಳೋ ಬಾಗಿಲು) ಒಂದು ಸೆಕೆಂಡಿನೊಳಗೆ ಓಗೊಟ್ಟರೆ ಪ್ರಾಕ್ಸಿ ಹಾಕಿ, ಇಲ್ಲದಿದ್ದರೆ ತೆಗೀರಿ. ಕೇಬಲ್‌ನಲ್ಲಿ ಕೂತಾಗಲೂ ಕೆಲಸ ಮಾಡುತ್ತೆ. ಹೆಸರು ನೋಡೋ ಸ್ಕ್ರಿಪ್ಟ್ ಅಲ್ಲೇ ಸೋಲ್ತಿತ್ತು.

ಇನ್ನೊಬ್ಬರು: ಮೇಡಂ, ವೈಫೈ ಹೆಸರಿಗೆ ಲೊಕೇಶನ್ ಕೇಳೋ ಆ್ಯಪ್ ಅಂದ್ರೆ ನಂಗೆ ಅನುಮಾನ. ಇಷ್ಟಕ್ಕೆಲ್ಲ ಲೊಕೇಶನ್ ಯಾಕೆ ಅಂತ ನಮ್ಮ ಅಪ್ಪ ಕೇಳಿದ್ರು, ಉತ್ತರ ತೋಚಲಿಲ್ಲ.

ಉತ್ತರ: ಮೊದಲು ಕೇಳದೇ ತಗೋತಿದ್ರು, ಈಗ ಕೇಳಿ ತಗೋತಾರೆ ಅನ್ನಿ. ಕೊಡೋದು ಬಿಡೋದು ಅಪ್ಪನಿಗೆ ಬಿಟ್ಟದ್ದು.

ಉಪನ್ಯಾಸಕರೊಬ್ಬರು: ನಮ್ಮ ಕಾಲೇಜಿನ ಹಾಜರಾತಿ ಆ್ಯಪ್‌ನದ್ದೂ ಇದೇ ಕಥೆ, ಆ್ಯಂಡ್ರಾಯ್ಡ್‌ನಲ್ಲಿ. ಕ್ಯಾಂಪಸ್ ವೈಫೈ ಇದ್ದರೆ ಮಾತ್ರ ಹಾಜರಿ. ಕೆಲವು ಫೋನ್‌ಗಳಲ್ಲಿ 'ಅನ್‌ನೋನ್ ಎಸ್‌ಎಸ್‌ಐಡಿ' (ವೈಫೈ ಹೆಸರು ಗೊತ್ತಿಲ್ಲ) ಅಂತ ಬರುತ್ತೆ. ಹುಡುಗರು "ಸರ್ ನಾನು ಕ್ಲಾಸಲ್ಲೇ ಇದ್ದೆ" ಅಂತ ಜಗಳಕ್ಕೆ ಬರ್ತಾರೆ.

ಉತ್ತರ: ಸರ್, ಜೊತೆಗೆ ಬಿಎಸ್‌ಎಸ್‌ಐಡಿ 02:00:00:00:00:00 ಅಂತ ಬರ್ತಿದ್ರೆ ಅದು ರೌಟರ್ ತೊಂದರೆ ಅಲ್ಲ, ಪರ್ಮಿಷನ್ ಇಲ್ಲ ಅಂತ. ಆ್ಯಂಡ್ರಾಯ್ಡ್ 10ರಿಂದ ನಿಖರ ಲೊಕೇಶನ್ ಒಪ್ಪಿಗೆಯೇ ಬೇಕು, ಫೋನಿನ ಲೊಕೇಶನ್ ಸ್ವಿಚ್ಚೂ ಆನ್ ಇರಬೇಕು. 12ರಿಂದ ಹುಡುಗರು 'ಅಂದಾಜು' ಲೊಕೇಶನ್ ಮಾತ್ರ ಕೊಡಬಹುದು, ಆಗಲೂ ಹೆಸರು ಸಿಗಲ್ಲ. ಕೋಡ್ ಬರೆದವರಿಗೆ ಹೇಳಿ: 12ರಿಂದಾಚೆ ನೆಟ್‌ವರ್ಕ್ ಕಾಲ್‌ಬ್ಯಾಕ್‌ನಲ್ಲಿ ಲೊಕೇಶನ್ ಮಾಹಿತಿ ಬೇಕು ಅನ್ನೋ ಫ್ಲ್ಯಾಗ್ ಬೇರೆ ಹಾಕಬೇಕು.

ಒಂದು ಮಾತು, ಬೇಜಾರಾಗಬೇಡಿ. ಯಾರಾದರೂ ಹಾಸ್ಟೆಲ್‌ನಲ್ಲಿ ಮಲಗಿ ತಮ್ಮ ಹಾಟ್‌ಸ್ಪಾಟ್‌ಗೆ ಕಾಲೇಜಿನ ಹೆಸರಿಟ್ಟರೆ? ಹೆಸರು ಮಾತ್ರ ನೋಡೋ ಆ್ಯಪ್ ಹಾಜರಿ ಹಾಕಿಬಿಡುತ್ತೆ.

ಉಪನ್ಯಾಸಕರು: ಅಯ್ಯೋ! ಅದಕ್ಕೇ ಏನೋ ಕೊನೇ ಬೆಂಚಿನವರ ಹಾಜರಾತಿ ಅಷ್ಟು ಚೆನ್ನಾಗಿರೋದು.

ಮತ್ತೊಬ್ಬರು: ವಿಂಡೋಸ್‌ನವರು ಬಚಾವ್ ತಾನೆ?

ಉತ್ತರ: ಇಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ವೈಫೈ ವಿವರ ತೋರಿಸೋ 'ನೆಟ್‌ಶ್' ಕಮಾಂಡ್ ಕೂಡ ಲೊಕೇಶನ್ ಪರ್ಮಿಷನ್ ಕೇಳುತ್ತೆ. ಅಲ್ಲಿ ಕೊನೇಪಕ್ಷ ಯಾವ ಸೆಟ್ಟಿಂಗ್ ಆನ್ ಮಾಡಬೇಕು ಅಂತ ನೆಟ್ಟಗೆ ಹೇಳ್ತಾರೆ.

ಪ್ರಶ್ನೆ ಕೇಳಿದವರು: ಮೇಡಂ, ಪೋರ್ಟ್ ನೋಡೋ ಹಾಗೆ ಬದಲಾಯಿಸಿದೆ, ನಾಲ್ಕೇ ಸಾಲು. ಬೆಳಗ್ಗೆಯಿಂದ ಸರಿಯಾಗಿ ಓಡ್ತಿದೆ. ಆದರೆ ಮನೇಲಿ ವಿಪಿಎನ್ ಹಾಕಿದಾಗಲೂ ಆಫೀಸು ಅಂತ ತಿಳ್ಕೊಳ್ಳುತ್ತೆ.

ಉತ್ತರ: ವಿಪಿಎನ್ ಹಾಕಿದ ಮೇಲೆ ನೆಟ್‌ವರ್ಕ್ ಲೆಕ್ಕದಲ್ಲಿ ನೀವು ಆಫೀಸಿನಲ್ಲೇ ಇದ್ದೀರಿ. ಪ್ರಾಕ್ಸಿ ಆಗಲೂ ಬೇಕಾಗುತ್ತಾ ಅಂತ ನಿಮ್ಮ ಐಟಿಯವರನ್ನ ಕೇಳಿ. ಬೇಡ ಅಂದರೆ ವಿಪಿಎನ್ ಇಂಟರ್‌ಫೇಸ್ ಎದ್ದಿದೆಯಾ ಅಂತ ನೋಡೋಕೆ ಐದನೇ ಸಾಲು ಸೇರಿಸಿ.