ಕತ್ತರಿಸುವ ಸ್ಥಾನ ಬದಲಿಸಿದರೂ ಹಳೆಯ ಚಿತ್ರಗಳಲ್ಲಿ ಕಿರೀಟ ಕಾಣಿಸುತ್ತಿಲ್ಲ

ಪ್ರಶ್ನೆ (ಡೊಂಬಿವಲಿಯಿಂದ):

ಮುಂಬಯಿಯ ನಮ್ಮ ಕನ್ನಡ ಸಂಘದ ವರ್ಡ್‌ಪ್ರೆಸ್ ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಮಾಟುಂಗಾದಲ್ಲಿ ನಡೆದ ಯಕ್ಷಗಾನ ಪ್ರದರ್ಶನಗಳ ಚಿತ್ರಗಳನ್ನು ಪಟ್ಟಿಯ ಪುಟದಲ್ಲಿ ಒಂದೇ ಅಳತೆಯಲ್ಲಿ ತೋರಿಸಲೆಂದು, ಚೈಲ್ಡ್ ಥೀಮಿನ (ಮೂಲ ವಿನ್ಯಾಸವನ್ನು ಮುಟ್ಟದೆ ಬದಲಾವಣೆ ಮಾಡಲು ಬಳಸುವ ಉಪವಿನ್ಯಾಸ) ಫಂಕ್ಷನ್ಸ್ ಕಡತದಲ್ಲಿ ಆಡ್_ಇಮೇಜ್_ಸೈಜ್ ಎಂಬ ಆದೇಶ ಬಳಸಿ 600×400ರ ಹೊಸ ಅಳತೆಯೊಂದನ್ನು ನೋಂದಾಯಿಸಿದೆ. ಕ್ರಾಪ್ (ಕತ್ತರಿಸುವ) ಮೌಲ್ಯ ‘ಟ್ರೂ’ ಎಂದಿದ್ದುದರಿಂದ ಉದ್ದನೆಯ ಚಿತ್ರಗಳು ನಡುವಿನಿಂದ ಕತ್ತರಿಸಲ್ಪಟ್ಟು, ವೇಷಧಾರಿಗಳ ಕಿರೀಟವೇ ಮಾಯವಾಯಿತು. ಮೇಲ್ಭಾಗ ಉಳಿಯುವಂತೆ ಕೋಡ್ ತಿದ್ದಿ, ಥಂಬ್‌ನೇಲ್‌ಗಳನ್ನು (ಚಿತ್ರಗಳ ಸಣ್ಣ ಪ್ರತಿಗಳನ್ನು) ಮತ್ತೆ ತಯಾರಿಸುವ ಪ್ಲಗಿನ್ನನ್ನೂ (ಹೆಚ್ಚುವರಿ ತಂತ್ರಾಂಶ) ಓಡಿಸಿದ್ದೇನೆ. ಆದರೂ ಏನೂ ಬದಲಾಗಿಲ್ಲ. ಕಲಾವಿದರಿಗೆ ಈ ಪುಟವನ್ನು ತೋರಿಸಲು ಸಂಕೋಚವಾಗುತ್ತಿದೆ.

ಉತ್ತರ (ಪುಣೆಯಿಂದ):

ಮೊದಲು ಹೊಸ ಚಿತ್ರವೊಂದನ್ನು ಅಪ್‌ಲೋಡ್ ಮಾಡಿ ನೋಡಿ. ಅದರಲ್ಲೂ ಕಿರೀಟ ಕತ್ತರಿಸಿದ್ದರೆ ತಪ್ಪು ಕೋಡಿನಲ್ಲಿದೆ. ಸರಿಯಾಗಿ ಬಂದಿದ್ದರೆ ಹಳೆಯ ಕಡತಗಳಲ್ಲಿದೆ. ಕ್ರಾಪ್ ಸ್ಥಾನವನ್ನು ಅರೇ (ಮೌಲ್ಯಗಳ ಪಟ್ಟಿ) ಆಗಿ ಕೊಡುವಾಗ ಅಡ್ಡ ಸ್ಥಾನ ಮೊದಲು, ಲಂಬ ಸ್ಥಾನ ಆಮೇಲೆ ಬರಬೇಕು, ಅಂದರೆ ‘ಸೆಂಟರ್’, ನಂತರ ‘ಟಾಪ್’. ಕ್ರಮ ತಿರುಗುಮುರುಗಾದರೆ ವರ್ಡ್‌ಪ್ರೆಸ್ ಯಾವ ದೋಷವನ್ನೂ ತೋರಿಸದೆ ನಡುವಿನಿಂದಲೇ ಕತ್ತರಿಸುತ್ತದೆ.

ಪ್ರಶ್ನಿಸಿದವರು:

ನನ್ನ ಕ್ರಮ ತಿರುಗುಮುರುಗಾಗಿಯೇ ಇತ್ತು. ತಿದ್ದಿದ ಮೇಲೆ ಹೊಸ ಚಿತ್ರ ಸರಿಯಾಗಿ ಬಂದಿದೆ. ಆದರೆ ಪ್ಲಗಿನ್ನನ್ನು ಮತ್ತೊಮ್ಮೆ ಓಡಿಸಿದರೂ ಹಳೆಯ ಚಿತ್ರಗಳು ಇದ್ದಂತೆಯೇ ಇವೆ.

ಉತ್ತರ (ಪುಣೆಯಿಂದ):

ಹಾಗಿದ್ದರೆ ಕಾರಣ ಸ್ಪಷ್ಟವಾಗಿದೆ. ವರ್ಡ್‌ಪ್ರೆಸ್ ಸಣ್ಣ ಪ್ರತಿಗಳನ್ನು ಅಪ್‌ಲೋಡ್ ಸಮಯದಲ್ಲೇ ತಯಾರಿಸಿ ಸರ್ವರ್‌ನಲ್ಲಿ ಇಟ್ಟುಬಿಡುತ್ತದೆ. ಕೋಡ್ ಬದಲಾದ ಮಾತ್ರಕ್ಕೆ ಅವು ಬದಲಾಗುವುದಿಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಆ ಪ್ರತಿಯ ಹೆಸರಿನ ಕೊನೆಯಲ್ಲಿ 600×400 ಎಂಬ ಅಳತೆ ಮಾತ್ರ ಸೇರುತ್ತದೆಯೇ ಹೊರತು ಕತ್ತರಿಸಿದ ಸ್ಥಾನದ ಗುರುತು ಸೇರುವುದಿಲ್ಲ. ಹೀಗಾಗಿ, ಸರಿಯಾದ ಅಳತೆಯ ಕಡತ ಈಗಾಗಲೇ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗುವ ಆಯ್ಕೆ ಪ್ಲಗಿನ್ನಿನಲ್ಲಿ ಟಿಕ್ ಆಗಿದ್ದರೆ, ಅದು ನಿಮ್ಮ ಹಳೆಯ ಕಡತಗಳೆಲ್ಲವನ್ನೂ ‘ಸರಿ’ ಎಂದೇ ಭಾವಿಸುತ್ತದೆ. ಆ ಟಿಕ್ ತೆಗೆದು ಓಡಿಸಿ. ಡಬ್ಲ್ಯೂಪಿ-ಸಿಎಲ್‌ಐ (ಆದೇಶಗಳನ್ನು ಟೈಪಿಸಿ ವರ್ಡ್‌ಪ್ರೆಸ್ ನಿರ್ವಹಿಸುವ ಸಾಧನ) ಬಳಸುವವರಾದರೆ ಮೀಡಿಯಾ ರೀಜನರೇಟ್ ಆದೇಶಕ್ಕೆ ಇಮೇಜ್_ಸೈಜ್ ಆಯ್ಕೆಯನ್ನು ಸೇರಿಸಿ, ಈ ಒಂದು ಅಳತೆಯನ್ನಷ್ಟೇ ಮತ್ತೆ ತಯಾರಿಸಬಹುದು. ಆದರೆ ಇಲ್ಲದ ಪ್ರತಿಗಳನ್ನಷ್ಟೇ ತಯಾರಿಸುವ ಓನ್ಲಿ-ಮಿಸ್ಸಿಂಗ್ ಆಯ್ಕೆಯನ್ನು ಬಳಸಬೇಡಿ. ಇದಕ್ಕೆಲ್ಲ ಮೊದಲು ಅಪ್‌ಲೋಡ್ಸ್ ಫೋಲ್ಡರಿನ ಒಂದು ಬ್ಯಾಕಪ್ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.

ಹೆಸರು ಬದಲಾಗದಿರುವುದರಿಂದ ಬ್ರೌಸರ್ ಮತ್ತು ಸಿಡಿಎನ್ (ಜಾಲತಾಣದ ಕಡತಗಳ ಪ್ರತಿಗಳನ್ನು ಇಟ್ಟು ಹಂಚುವ ಸರ್ವರ್‌ಗಳ ಜಾಲ) ಹಳೆಯ ಚಿತ್ರವನ್ನೇ ತೋರಿಸುತ್ತಿರಬಹುದು. ಕ್ಯಾಶೆ (ಅವು ಉಳಿಸಿಟ್ಟುಕೊಂಡ ಹಳೆಯ ಪ್ರತಿಗಳು) ಖಾಲಿ ಮಾಡಿದ ಮೇಲೆಯೇ ಫಲಿತಾಂಶವನ್ನು ನಿರ್ಣಯಿಸಿ.

ಪ್ರಶ್ನಿಸಿದವರು:

ಟಿಕ್ ತೆಗೆದು ಓಡಿಸಿ, ಕ್ಯಾಶೆ ಖಾಲಿ ಮಾಡಿದೆ. ಕಿರೀಟಗಳೆಲ್ಲ ಮರಳಿ ಬಂದಿವೆ. ಆದರೆ ಕಲಾವಿದರು ಕುಣಿಯುತ್ತಿರುವ ಕೆಲವು ಚಿತ್ರಗಳಲ್ಲಿ ಈಗ ಗೆಜ್ಜೆ ಕಟ್ಟಿದ ಕಾಲು ಕತ್ತರಿಸಿಹೋಗುತ್ತಿದೆ.

ಉತ್ತರ (ಪುಣೆಯಿಂದ):

ಉದ್ದನೆಯ ಚಿತ್ರವನ್ನು ಅಗಲದ ಚೌಕಟ್ಟಿಗೆ ಕತ್ತರಿಸಿದಾಗ ತಲೆ ಅಥವಾ ಕಾಲು, ಎರಡರಲ್ಲೊಂದು ಹೋಗಲೇಬೇಕು. ಅಂಥ ಚಿತ್ರಗಳಿಗಾಗಿ ಬೇರೆ ಹೆಸರಿನಲ್ಲಿ 400×600ರ ಎರಡನೆಯ ಅಳತೆಯನ್ನು ನೋಂದಾಯಿಸಿ, ಒಂಟಿ ವೇಷದ ಪುಟಗಳಲ್ಲಿ ಅದನ್ನೇ ಬಳಸಿ.